ಕ್ಷೌರದಂಗಡಿಯ ಪಾಪನಿವೇದನೆ

“ಫಾದರ್, ಇದ್ದೀರಾ?”

ಕಲ್ಲುರಾಶಿಯೊಳಗಿಂದ ದನಿ ಕೇಳಿದ್ದೇ ಗಾರೆ ಮೇಸ್ತ್ರಿಯ ಹಾರೆ ನಿಂತಿತು. ಕ್ಷೌರಿಕನ ದನಿ. ಹೆಂಡತಿಯ ಖಾಸಾ ತಮ್ಮ. ಮೂರು ವರ್ಷದಿಂದ ಅವನ ಮುಖ ನೋಡಿರಲಿಲ್ಲ. ಊರಿಗೆ ಇದ್ದದ್ದು ಈಗ ರಾಶಿಯಾಗಿ ಬಿದ್ದ ಇವನದೊಂದೇ ಕ್ಷೌರದಂಗಡಿ. ಆ ಹಟಕ್ಕೆ ಮೇಸ್ತ್ರಿಯ ಗಡ್ಡ ಹೊಕ್ಕುಳ ಮುಟ್ಟಲು ಹೊರಟಿತ್ತು.

ಬೆಳಿಗ್ಗೆ ನೆಲ ನಡುಗಿ ಅರ್ಧ ಊರು ಮಲಗಿತ್ತು. ಚರ್ಚಿನ ಗಂಟೆ ಬೀದಿಯಲ್ಲಿ ಬೋರಲು ಬಿದ್ದಿತ್ತು. ಉಳಿದವರೆಲ್ಲ ಶಾಲೆಯ ಕಡೆ ಅಗೆಯುತ್ತಿದ್ದರು. ಈ ರಾಶಿ ಮೇಸ್ತ್ರಿಯೊಬ್ಬನ ಪಾಲಿಗೆ ಬಂದಿತ್ತು. ಫಾದರ್ ಅಂತೂ ಮೊದಲ ಬಸ್ಸಿಗೇ ಹೊರಟಿದ್ದರಂತೆ. ಪುಣ್ಯವಂತರು.

ಅಷ್ಟು ಸಾವಿನ ನಡುವೆ ಮೇಸ್ತ್ರಿಗೆ ಹುಚ್ಚು ಖುಷಿ ಹತ್ತಿತು. ಫಾದರ್‌ದು ಸದಾ ನೆಗಡಿಯ ದನಿ. ಇವನು ಮೂಗು ಹಿಡಿದುಕೊಂಡ.

“ಇದ್ದೀನಿ ಮಗನೇ.”

ಕೆಳಗೆ ಗುಸುಗುಸು. ಆಮೇಲೆ ಕೆಮ್ಮೋ ನಗುವೋ ತಿಳಿಯದ ಸದ್ದು. ತಲೆಗೆ ಪೆಟ್ಟು ಬಿದ್ದಿದೆ, ತನ್ನಷ್ಟಕ್ಕೆ ತಾನೇ ಒದರುತ್ತಿದ್ದಾನೆ ಎಂದುಕೊಂಡ ಮೇಸ್ತ್ರಿ.

“ಪಾಪನಿವೇದನೆ ಮಾಡ್ಬೇಕು, ಫಾದರ್.”

“ಒಂದೂ ಬಿಡಬೇಡ. ದೇವರಿಗೆ ಎಲ್ಲಾ ಗೊತ್ತು. ನನಗೆ ಗೊತ್ತಾಗ್ಬೇಕು.”

“ಅಕ್ಕನ ಗಂಡನ್ನ ಕರಡಿ ಅಂತ ಗಿರಾಕಿಗಳ ಮುಂದೆಲ್ಲ ಆಡ್ಕೊಂಡಿದ್ದೀನಿ.”

“ಘೋರ ಪಾಪ! ಒಂದು ವರ್ಷ ಆ ಪುಣ್ಯಾತ್ಮನಿಗೆ ಪುಕ್ಕಟೆ ಕ್ಷೌರ ಮಾಡು.”

“ಆ ಕಾಡು ಕಡಿಯೋಕೆ ಒಂದು ವರ್ಷ ಸಾಕಾಗುತ್ತಾ, ಫಾದರ್?”

ಮೇಸ್ತ್ರಿ ಬಾಯಿಗೆ ಟವೆಲು ತುರುಕಿಕೊಂಡು ನಕ್ಕ. ನಗುತ್ತಲೇ ಕಲ್ಲು ಸರಿಸಿದ. ಸಂದಿಯಲ್ಲಿ ರಬ್ಬರ್ ಕೊಳವೆ ಇಳಿಸಿ ನೀರು ಬಿಟ್ಟ. ಒಂದು ಬಕೆಟ್ ಖಾಲಿ. ಇನ್ನೂ ಬೇಕಂತೆ. ಒಂಟೆ ಹೊಟ್ಟೆಯ ನನ್ಮಗ!

ಕೊನೆಗೆ ಒಂದೇ ತೊಲೆ ಉಳಿಯಿತು. ಅದರಡಿ ಹಾರೆ ಕೊಟ್ಟು ಮೈಭಾರವೆಲ್ಲ ಹಾಕಿದ.

“ಇನ್ನೊಂದಿದೆ. ಮೂರು ವರ್ಷದ ಹಿಂದಿನದು, ಜ್ವರದ ವರ್ಷದ್ದು. ಅಕ್ಕ ಮಗೂನ ಎತ್ಕೊಂಡು ಬಂದು ಬಾಗಿಲು ಬಡಿದ್ಲು, ಆಸ್ಪತ್ರೆಗೆ ಹೋಗೋಕೆ ಗಾಡಿ ಕೇಳ್ಕೊಂಡು. ನಾನು ಊರಲ್ಲೇ ಇರ್ಲಿಲ್ಲ ಅಂತ ಎಲ್ರಿಗೂ ಹೇಳಿದ್ದೀನಿ. ಇದ್ದೆ. ಬಾಗಿಲ ಹಿಂದೇನೇ ನಿಂತಿದ್ದೆ. ನನಗೂ ಅಂಟುತ್ತೆ ಅಂತ ಹೆದರಿ ಅಗುಳಿ ತೆಗೀಲಿಲ್ಲ.”

ಮೇಸ್ತ್ರಿಯ ನಗು ನಿಂತಿತು. ಊರಲ್ಲಿರಲಿಲ್ಲ ಎಂಬ ಮಾತನ್ನು ಅವನು ಎಂದೂ ನಂಬಿರಲಿಲ್ಲ. ನಾಲ್ಕು ವರ್ಷದ ಮಗಳು. ಬೆಳಗಾಗುವಷ್ಟರಲ್ಲಿ ತಣ್ಣಗಾಗಿದ್ದಳು.

ಹಾರೆ ಬಿಟ್ಟರೆ ಸಾಕು, ತೊಲೆ ತಾನೇ ಕೂರುತ್ತದೆ. ಕೇಳುವವರಿಲ್ಲ.

“ಕ್ಷಮೆ ಇದೆಯಾ?” ಈ ಸಲ ಕೆಳಗಿನವನು ಫಾದರ್ ಎನ್ನಲಿಲ್ಲ.

ಮೂರು ವರ್ಷದಿಂದ ಪ್ರಾರ್ಥನೆಯಲ್ಲಿ ‘ನಾವು ಕ್ಷಮಿಸುವಂತೆ’ ಎಂಬ ಮಾತು ಬಂದಾಗಲೆಲ್ಲ ಮೇಸ್ತ್ರಿ ತುಟಿ ಬಿಗಿದುಕೊಳ್ಳುತ್ತಿದ್ದ. ಈಗಲೂ ಬಿಗಿದುಕೊಂಡ. ಬೈದ. ಅತ್ತ. ಮತ್ತೆ ಬೈದ.

“ಇದೆ ಕಣೋ, ಹಾಳಾದವನೇ!”

ಮೂಗಿನ ದನಿ ಮರೆತೇಹೋಗಿತ್ತು. ಹಾರೆಯನ್ನು ಅದುಮಿದ. ತೊಲೆ ಎದ್ದಿತು.

ಮೊದಲು ಮೇಲೆ ಬಂದದ್ದು ಅರ್ಧ ಬೋಳಿಸಿದ, ಇನ್ನರ್ಧ ಒಣ ಸೋಪುನೊರೆ ಮೆತ್ತಿದ ಫಾದರ್ ಮುಖ: “ನಾನು ಬೆಳಿಗ್ಗೇನೇ ಕ್ಷಮಿಸಿಬಿಟ್ಟೆ, ಮೇಸ್ತ್ರಿ, ನಿನ್ನ ದನಿ ಗುರುತು ಸಿಕ್ಕಿದ್ದೇ ಅದು ಸಾಲದು, ಭಾವನ ಬಾಯಿಂದಲೇ ಬರ್ಬೇಕು ಅಂತ ಇವನೇ ಹಟ ಹಿಡಿದ.”