ದಂಡನಾಯಕರ ತುಕ್ಕು

ಸ್ಪರ್ಧೆಗೆಂದು ಕಟ್ಟಿದ ಪುಟಾಣಿ ಯುದ್ಧದ ಟ್ಯಾಂಕು ನೋಡಲು ಬಂದ ತೀರ್ಪುಗಾರರು ಗೇಟಿನಲ್ಲೇ ಸಿಕ್ಕಿಬಿದ್ದರು. ಒಂದು ಕಾಲು ಒಳಗೆ, ಇನ್ನೊಂದು ಕಾಲು ರಸ್ತೆಯಲ್ಲಿ, ನಡುವೆ ಹೊಟ್ಟೆ. ಗೇಟು ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಅದು ಕಿರುಗುಟ್ಟಿದ ಸದ್ದಿಗೆ ಆ ಬೀದಿಯ ನಾಯಿಗಳೆಲ್ಲ ಊರು ಬಿಟ್ಟವು ಎಂದರೆ ಕಡಿಮೆಯೇ ಹೇಳಿದ ಹಾಗಾಯಿತು.

"ಸ್ವಲ್ಪ ಉಸಿರು ಬಿಗಿ ಹಿಡೀರಿ ಸಾರ್," ಎನ್ನುತ್ತ ಮನೆಯಾಕೆ ಓಡಿಬಂದು, ಗೇಟಿನ ಅಡ್ಡಪಟ್ಟಿಗೆ ಭುಜ ಕೊಟ್ಟು ಎತ್ತಿ, ಸೊಂಟದಿಂದ ಒಂದು ನೂಕು ನೂಕಿ ಅವರನ್ನು ಬಿಡಿಸಿಕೊಂಡಳು. "ಹಾಲು ತರೋಕೆ ಹೋದ್ರೂ ಹೀಗೇ ಎತ್ಬೇಕು, ಕಸ ಹಾಕೋಕೆ ಹೋದ್ರೂ ಎತ್ಬೇಕು. ನನ್ನ ಬಲಭುಜ ಎಡಭುಜಕ್ಕಿಂತ ಒಂದು ಗೇಣು ಕೆಳಗಿಳಿದಿದೆ, ಬೇಕಾದ್ರೆ ಅಳೆದು ನೋಡಿ."

ಒಳಗೆ ಊಟದ ಮೇಜಿನ ಮುಂದೆ ದಂಡನಾಯಕರು ಎದೆ ಸೆಟೆಸಿ ನಿಂತಿದ್ದರು. ವಿಮಾ ಕಚೇರಿಯ ಹೆಡ್ ಗುಮಾಸ್ತರು. ಜಿರಳೆ ಹಾರಿದರೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕುರ್ಚಿ ಹತ್ತುವವರು. ದಂಡನಾಯಕ ಎಂಬ ಬಿರುದು ಹೆಂಡತಿ ದಯಪಾಲಿಸಿದ್ದು. ಅವರ ಟ್ಯಾಂಕು ಅಂಗೈಯಷ್ಟಗಲ. ಆದರೆ ಅದನ್ನು ಕಟ್ಟಿ ಮುಗಿಸುವುದರೊಳಗೆ ಜಗತ್ತಿನಲ್ಲಿ ನಿಜವಾದ ಯುದ್ಧವೇ ಶುರುವಾಗಿ, ಮುಗಿದು, ಎದುರಾಳಿಗಳು ಕೈಕುಲುಕಿ ಮನೆಗೆ ಹೋಗಿಯಾಗಿತ್ತು. ಚಕ್ರ ಅಂಟಿಸುವಾಗ ಯಾರೂ ಸೀನುವಂತಿರಲಿಲ್ಲ. ಬಣ್ಣ ಒಣಗುವಾಗ ಫ್ಯಾನು ಹಾಕುವಂತಿರಲಿಲ್ಲ. ಕುಂಚಕ್ಕೆ ಒಂದೇ ಒಂದು ಕೂದಲು. ಅದೂ ಪಕ್ಕದ ಮನೆಯ ಬೆಕ್ಕಿನದು. ಆ ಬೆಕ್ಕು ಇವತ್ತಿಗೂ ಇವರನ್ನು ಕಂಡರೆ ಗೋಡೆ ಹಾರುತ್ತದೆ. ಕೊನೆಗೆ ಅಂಟಿಗೆ ಸಿಮೆಂಟು ಕಲಸಿ ರಣರಂಗದ ಕೆಸರು ಮಾಡಿದರು. ಕೆಸರು ಎಷ್ಟು ಚೆನ್ನಾಗಿ ಬಂತೆಂದರೆ ಟ್ಯಾಂಕು ಊಟದ ಮೇಜಿಗೇ ಕಚ್ಚಿಕೊಂಡಿತು. ಅದು ಸ್ಪರ್ಧೆಗೆ ಹೋಗಲಾಗದೆ, ಸ್ಪರ್ಧೆಯೇ ಅದನ್ನು ಹುಡುಕಿಕೊಂಡು ಬರಬೇಕಾಯಿತು. ಗಂಡ ಹೆಂಡತಿ ಅಂದಿನಿಂದ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದರು.

"ಮಾತು ನೆನಪಿದೆ ತಾನೇ?" ದಂಡನಾಯಕರು ಹೆಂಡತಿಯ ಕಿವಿಯಲ್ಲಿ ಉಸುರಿದರು. "ಬಹುಮಾನ ಬಂದ್ರೆ ಗೇಟಿನ ಸುದ್ದಿ ಈ ಜನ್ಮದಲ್ಲಿ ಎತ್ತಬಾರದು."

"ನೆನಪಿಲ್ದೆ ಏನು? ಬರದೆ ಹೋದ್ರೆ ನಾಳೆ ಬೆಳಿಗ್ಗೇನೇ ಹೊಸ ಕೀಲು ಹಾಕಿಸಿ, ಉಜ್ಜಿ, ಬಣ್ಣ ಹೊಡೀಬೇಕು. ನೀವೇ."

"ಹೊಡೆಯೋಣ, ಹೊಡೆಯೋಣ," ಎಂದರು ದಂಡನಾಯಕರು, ಸೋತ ದೇಶಕ್ಕೆ ಒಂದು ಬಂಜರು ತುಂಡು ಬಿಟ್ಟುಕೊಡುವ ಧಾಟಿಯಲ್ಲಿ.

ತೀರ್ಪುಗಾರರು ಭೂತಗನ್ನಡಿ ಹಿಡಿದು ಬಾಗಿದವರು ಏಳಲೇ ಇಲ್ಲ. ಅವರ ಗಡ್ಡ ಇನ್ನೊಂದಿಷ್ಟು ನರೆತ ಮೇಲೆ ಬಾಯಿಬಿಟ್ಟರು. "ಫಿರಂಗಿ ಚೆನ್ನಾಗಿದೆ. ಗುಂಡು ತಾಗಿದ ಗುರುತೂ ಚೆನ್ನಾಗಿದೆ. ಕೆಸರು ನೋಡಿದ್ರೆ ನನ್ನ ಚಪ್ಪಲಿ ಒರೆಸ್ಕೋಬೇಕು ಅನ್ನಿಸ್ತು."

"ತುಕ್ಕು ನೋಡಿ ಸಾರ್, ತುಕ್ಕು. ಅದನ್ನ ಬಣ್ಣದಲ್ಲಿ ಬರೆಯೋಕೇ ಒಂದು ಮಳೆಗಾಲ ಪೂರ್ತಿ ಹಿಡೀತು."

"ಕೆಟ್ಟಿರೋದೇ ಅದು."

ದಂಡನಾಯಕರ ಎದೆಯಿಂದ ಗಾಳಿ ಹೊರಟ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.

"ತುಕ್ಕು ಹುಟ್ಟೋದು ನೀರು ನಿಲ್ಲೋ ಕಡೆ ಸ್ವಾಮಿ, ನಮ್ಮ ಕಣ್ಣಿಗೆ ಚೆಂದ ಕಂಡ ಕಡೆ ಅಲ್ಲ. ನೀವು ತಂದು ಟ್ಯಾಂಕಿನ ನೆತ್ತಿ ಮೇಲೆ ಸುರಿದಿದ್ದೀರಿ. ಬನ್ನಿ ಇಲ್ಲಿ, ನಾನು ಒಳಗೆ ಬರ್ತಾನೇ ನೋಡ್ದೆ." ಅವರು ಸೀದಾ ಗೇಟಿನ ಬಳಿ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತರು. "ನೋಡಿ, ಕೀಲಿನ ಅಡಿಯಿಂದ ಕಣ್ಣೀರು ಇಳಿದ ಹಾಗೆ ಈ ಕಂದು ಗೆರೆ. ಇಲ್ಲಿ ಬಣ್ಣ ಗುಳ್ಳೆ ಎದ್ದು, ಒಡೆದು, ಒಳಗೆ ಕೆಂಪು, ಅಂಚಿಗೆ ಕಪ್ಪು. ಎಂಥಾ ತಾಳ್ಮೆ ಬೇಕು ಇದಕ್ಕೆ. ಯಾರ ಕೈಕೆಲಸ?"

"ಅದೂ ಇವರದ್ದೇ ಸಾರ್," ಎಂದಳು ಹೆಂಡತಿ. "ನಾನು ಮದುವೆಯಾಗಿ ಬಂದ ವರ್ಷ ಶುರು ಮಾಡಿದ್ದು. ಇವತ್ತಿನವರೆಗೂ ಒಂದು ಬೆರಳು ಸೋಕಿಸದೆ ಬೆಳೆಸಿದ್ದಾರೆ."

"ಸ್ಪರ್ಧೆಗೆ ಇದನ್ನೇ ಇಟ್ಟಿದ್ರೆ ಕಣ್ಣುಮುಚ್ಚಿ ಬಹುಮಾನ ಕೊಡ್ತಿದ್ದೆ," ಎಂದು ನಿಟ್ಟುಸಿರುಬಿಟ್ಟು ತೀರ್ಪುಗಾರರು ಎದ್ದರು. ಹೆಂಡತಿ ಭುಜ ಕೊಟ್ಟು ಗೇಟು ಎತ್ತಿದಳು. ಈ ಸಲ ಅದು ಹೂವಿನಷ್ಟು ಹಗುರವಾಗಿತ್ತು.

ಮರುದಿನ ದಂಡನಾಯಕರು ಕೊಟ್ಟ ಮಾತು ಉಳಿಸಿಕೊಂಡರು. ಹೊಸ ಕೀಲು ಬಂತು. ಉಜ್ಜಿದ ಧೂಳಿಗೆ ಎದುರುಮನೆ ಕಾಣದಾಯಿತು. ಆಮೇಲೆ ಹೊಡೆದ ಹಸಿರು ಬಣ್ಣದ ಹೊಳಪಿಗೆ ಲಾರಿ ಓಡಿಸುವವರು ಹಗಲಲ್ಲೇ ಕಣ್ಣಿಗೆ ಕೈ ಅಡ್ಡ ಹಿಡಿದರು. ಬಣ್ಣ ಒಣಗಿದ್ದೇ ತಡ, ಹೆಂಡತಿ ಕಿರುಬೆರಳಲ್ಲಿ ಗೇಟು ತೆರೆದಳು, ಮುಚ್ಚಿದಳು, ಸುಮ್ಮಸುಮ್ಮನೆ ಮತ್ತೆ ತೆರೆದಳು. ಇಳಿದಿದ್ದ ಭುಜ ಅವಳಿಗೇ ಗೊತ್ತಾಗುವ ಹಾಗೆ ಮೇಲೇರಿ ತನ್ನ ಜಾಗದಲ್ಲಿ ಕುಳಿತಿತು. ಅದೇ ಖುಷಿಯಲ್ಲಿ, ಬೇಕಿಲ್ಲದಿದ್ದರೂ, ಹಾಲು ತರಲು ಹೊರಟಳು.

ಹಾಲು ಹಿಡಿದು ವಾಪಸು ಬಂದಾಗ ಗೇಟು ಮುಚ್ಚಿತ್ತು. ಒಳಗಡೆ ದಂಡನಾಯಕರು ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಬೆಕ್ಕಿನ ಕೂದಲಿನ ಕುಂಚ, ನಾಲಿಗೆ ಹಲ್ಲಿನ ನಡುವೆ.

"ಇನ್ನೇನು ಉಳೀತು ರೀ?" ಎಂದು ಅವಳು ಕೈ ಚಾಚಿದಳು.

"ಮುಟ್ಬೇಡ, ಹಸಿ ಇದೆ. ಒಣಗೋವರೆಗೆ ಅಲ್ಲೇ ನಿಂತಿರು. ಸೀನಬೇಡ."

ಹೊಸ ಕೀಲಿನ ಅಡಿಯಿಂದ, ಕಣ್ಣೀರು ಇಳಿದ ಹಾಗೆ, ಒಂದು ಕಂದು ಗೆರೆ ಇಳಿಯುತ್ತಿತ್ತು. ಈ ಸಲ ತುಕ್ಕು ಸರಿಯಾದ ಜಾಗದಲ್ಲೇ ಇತ್ತು.