ಅಣ್ಣನ ಬದಲು ಕೊಟ್ಟ ಬೆರಳು

ನಮ್ಮ ಮಂಡಕ್ಕಿ ಭಟ್ಟಿಯ ಬಾಗಿಲು ದಿನಾ ಬೆರಳಿಗೆ ಚುಚ್ಚುತ್ತದೆ. ರಕ್ತದಲ್ಲಿ ಹೋಮೋಸಿಸ್ಟೀನ್, ಅಂದರೆ ರಕ್ತನಾಳ ಕೆಡುತ್ತಿರುವ ಸುಳಿವು ಕೊಡುವ ಅಂಶ, ಹೆಚ್ಚಿದ್ದರೆ ತೆರೆಯುವುದಿಲ್ಲ, ಆಸ್ಪತ್ರೆಗೂ ತಿಳಿಸುತ್ತದೆ. ಒಂದು ಬೆಳಿಗ್ಗೆ ಅಣ್ಣ ಹಾಲೇಶನಿಗೆ ತೆರೆಯಲಿಲ್ಲ. ಒಂದು ಹಾಳು ಬಾಗಿಲಿಗೆ ಹೆದರಿ ಕೂಲಿ ಬಿಡಬೇಕೇ ಎಂದು, ಮರುದಿನದಿಂದ ಅವನ ಹೆಸರು ಒತ್ತಿ ಅವನ ಸರದಿಗೂ ನಾನೇ ಬೆರಳು ಕೊಟ್ಟೆ. ಭಟ್ಟಿಯಲ್ಲಿ ಎಲ್ಲರೂ ಮಾಡುವುದೇ ಅದು.

ಮೂರು ತಿಂಗಳಿಗೆ ಅಣ್ಣನ ಕಾಲ್ಬೆರಳುಗಳು ಕಪ್ಪಾದವು. ಆಸ್ಪತ್ರೆಗೆ ಕರೆದೊಯ್ದೆ.

"ಮೂರು ತಿಂಗಳ ಹಿಂದೆ ಒಂದೇ ದಿನ ಹೆಚ್ಚಿತ್ತು, ಮರುದಿನದಿಂದ ರಕ್ತ ಚೆನ್ನಾಗೇ ಇದೆಯಲ್ಲಪ್ಪಾ, ಇವತ್ತಿನದೂ ಸೇರಿ" ಎಂದರು ಡಾಕ್ಟರಮ್ಮ, ಪರದೆ ನೋಡುತ್ತಾ.

ಆಸ್ಪತ್ರೆಯ ಬಾಗಿಲೂ ಭಟ್ಟಿಯದರಂತೆ ಚುಚ್ಚುತ್ತದೆ; ಅದಕ್ಕೂ ರೂಢಿಯ ಮೇಲೆ ಅಣ್ಣನ ಹೆಸರಿಗೆ ನನ್ನ ಬೆರಳನ್ನೇ ಇಟ್ಟಿದ್ದೆ.

"ಅದು ನನ್ನ ರಕ್ತ ಮೇಡಂ! ಮೂರು ತಿಂಗ್ಳಿಂದೂ ನಂದೇ!"

ಅವರು ಅಣ್ಣನ ಬೆರಳಿಗೆ ತಾವೇ ಚುಚ್ಚಿದರು. ಪರದೆ ಕೆಂಪಾಯಿತು.

"ಉರಿಯೂತದಿಂದ ರಕ್ತನಾಳ ಮುಚ್ಚಿಹೋಗಿದೆ. ಆಗಲೇ ಗೊತ್ತಾಗಿದ್ರೆ ಮಾತ್ರೆ ಕೊಡ್ತಿದ್ದೆ. ಈಗ ಪಾದ ತೆಗೀಬೇಕು. ಬುದ್ಧಿ ಬೇಡವೇನೋ ನಿನಗೆ?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಕೈ ಅಡ್ಡ ಹಿಡಿದ. "ಅವನಿಗೆ ಬೈಬ್ಯಾಡ್ರಿ ಅಮ್ಮಾ. ನಿನ್ನ ಬೆರಳು ಕೊಡೋ ಅಂತ ಕಾಡಿದೋನು ನಾನೇ."

ಅವನು ಒಂದು ದಿನವೂ ಕೇಳಿರಲಿಲ್ಲ. ಮೊದಲ ದಿನವೇ ಆಸ್ಪತ್ರೆಗೆ ಹೋಗೋಣ ಎಂದಿದ್ದ. ಪುಕ್ಕಲ ಎಂದು ಬೈದು, ಕೆಲಸಕ್ಕೆ ಎಳೆದುಕೊಂಡು ಹೋದವನು ನಾನು.