ಹುಲ್ಲಿನ ಮೇಲಿನ ಮದುವೆ

“ಒಂದು ಗೂಟವೂ ಕೂಡದು!” ಅಮೋತ್ಸ್ ಮಣ್ಣು ಮೆತ್ತಿದ ಕೈಯನ್ನೇ ಅಡ್ಡ ಹಿಡಿದ. ಕಿಬ್ಬುತ್ಸ್ ಎಂಬ ಆ ಕೂಡುಬಾಳಿನ ಹಳ್ಳಿಯ ಊಟದ ಮನೆಯೆದುರಿನ ಹುಲ್ಲುಹಾಸನ್ನು ಚಾಪೆಯಂತೆ ಸುರುಳಿ ಸುತ್ತಿ, ಒಂದು ಗೇಣು ಆಳದಲ್ಲಿ ಸಾಲುಸಾಲಾಗಿ ಹನಿ ನೀರಿನ ಪೈಪು ಹೂಳಿ, ಹುಲ್ಲನ್ನು ಮತ್ತೆ ಹಾಸಿ ಆಗಷ್ಟೇ ಸೊಂಟ ನೆಟ್ಟಗೆ ಮಾಡಿದ್ದ. ಅಷ್ಟರಲ್ಲಿ ಮಗಳು ಅಲೂಮಾ ಬಂದು, ತನ್ನ ಮದುವೆ ಇದೇ ಹುಲ್ಲಿನ ಮೇಲೆ ಆಗಬೇಕು ಎಂದಿದ್ದಳು.

“ನಾಲ್ಕೇ ನಾಲ್ಕು ಕೋಲು, ಅಪ್ಪ. ಹುಪ್ಪಾ ಚಪ್ಪರಕ್ಕೆ.”

“ನಾಲ್ಕು ಕೋಲಿಗೆ ನಾಲ್ಕು ತೂತು. ಮದುಮಗನಿಗೆ ಕೆಳಗಿಂದಾನೇ ಸ್ನಾನ!”

ಅಲೂಮಾ ಗಂಟಲು ದಪ್ಪ ಮಾಡಿಕೊಂಡು, ಸಭೆಯಲ್ಲಿ ಅಪ್ಪ ಎತ್ತುವಂತೆಯೇ ಬೆರಳೆತ್ತಿದಳು. “ಸಂಗಾತಿಗಳೇ! ಸ್ಪ್ರಿಂಕ್ಲರ್ ಅಂದ್ರೆ ಗಾಳಿಗೆ ನೀರು ಕುಡಿಸೋದು. ನೀರು ಬೇರಿಗೆ ಹೋಗ್ಬೇಕು, ಬೇರಿಗೆ!” ಅಮೋತ್ಸ್‌ಗೂ ನಗು ಬಂತು. ನಗು ಇಳಿದ ಮೇಲೆ ಅವಳು ಮೆಲ್ಲಗೆ ಹೇಳಿದಳು: “ಅಜ್ಜಿಗೋಸ್ಕರ ಅಪ್ಪ. ಅವಳು ಹಾಸಿಗೆ ಬಿಟ್ಟು ಏಳಲ್ಲ. ಮದುವೆ ಇಲ್ಲೇ ಆದ್ರೆ ಮಂಚಾನೇ ಜಗಲಿಗೆ ತಳ್ಳಿದ್ರಾಯ್ತು.”

ಅಜ್ಜಿ ತ್ಸಿಲ್ಲಾ ಹುಲ್ಲುಹಾಸಿನ ಅಂಚಿಗಿದ್ದ ವೃದ್ಧರ ಮನೆಯಲ್ಲಿ ಮಲಗಿದ್ದಳು. ಅಮೋತ್ಸ್ ಆ ಕಿಟಕಿಯ ಕಡೆ ನೋಡಲಿಲ್ಲ. “ಫೋಟೋ ತೋರಿಸೋಣ ಬಿಡು. ಕೋಲು ನೆಡದೆ ಇಲ್ಲಿ ಯಾರ ಮದುವೆ ಆಗಿದೆ ಹೇಳು? ನನ್ನದಕ್ಕೆ ಕಬ್ಬಿಣದ ಸಲಾಕೆ ಹೊಡೆದಿದ್ವಿ.” ಅಲೂಮಾಳೂ ಹುಟ್ಟಿದಾಗಿನಿಂದ ನೆಟ್ಟ ಕೋಲುಗಳನ್ನೇ ನೋಡಿದವಳು. ಏನೂ ಹೊಳೆಯದೆ, ಬೂಟಿನ ಮಣ್ಣು ಒದರಿ ಹೊರಟುಹೋದಳು.

ಮದುವೆ ಬೇರ್ ಶೆವ ಪಟ್ಟಣದ ಛತ್ರವೊಂದರಲ್ಲಿ ನಡೆಯಿತು. ಕೆಳಗೆಲ್ಲ ಅಮೃತಶಿಲೆ. ಛತ್ರದವನು ಚಪ್ಪರದ ನಾಲ್ಕು ಕೋಲುಗಳನ್ನು ನಾಲ್ವರ ಕೈಗೆ ಕೊಟ್ಟ. “ಗಟ್ಟಿಯಾಗಿ ಹಿಡ್ಕೊಳ್ರಪ್ಪ, ಏಳು ಆಶೀರ್ವಾದ ಮುಗಿಯೋವರೆಗೂ ಕೈ ನಡುಗ್ಬಾರ್ದು!” ಒಂದು ಕೋಲು ಅಮೋತ್ಸ್‌ನ ಪಾಲಿಗೆ ಬಂತು. ಅರ್ಧದಲ್ಲಿ ತೋಳು ಸೋತು ಅವನು ಕೆಳಗೆ ನೋಡಿದ. ಕೋಲಿನ ಬುಡಕ್ಕೂ ನೆಲಕ್ಕೂ ನಡುವೆ ಒಂದು ಗೇಣು ಬರಿದಾಗಿತ್ತು. ಪದ್ಧತಿಯಂತೆ ಮದುಮಗ ಗಾಜಿನ ಲೋಟ ತುಳಿದು ಒಡೆದ, ಛತ್ರವೆಲ್ಲ “ಮಝಲ್ ತೋವ್!” ಎಂದು ಶುಭ ಹಾರೈಸಿ ಕೂಗಿತು. ಅಮೋತ್ಸ್ ಮಾತ್ರ ಇನ್ನೂ ಕೋಲಿನ ಬುಡವನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ತಾಯಿಯ ಮುಂದೆ ಫೋನು ಹಿಡಿದ. ತ್ಸಿಲ್ಲಾ ಅದನ್ನು ಮೂಗಿನವರೆಗೆ ತಂದುಕೊಂಡು ಮೊಮ್ಮಗಳನ್ನು ಬೆರಳಿನಿಂದ ಸವರಿದಳು. ಆಮೇಲೆ ಬೆರಳು ಕೋಲಿನ ಬುಡಕ್ಕೆ ಜಾರಿತು.

“ಓ, ಕೈಯಲ್ಲೇ ಹಿಡಿದಿದ್ದೀಯ! ನಮ್ಮ ಮದುವೇಲೂ ಹೀಗೇ ಕಣೋ, ಇಲ್ಲೇ. ಆಗ ಇಲ್ಲೆಲ್ಲ ಬರೀ ಮರಳು, ನೆಟ್ಟ ಕೋಲು ನಿಲ್ತಾನೇ ಇರ್ಲಿಲ್ಲ.”

ಅಮೋತ್ಸ್ ಕಿಟಕಿಯತ್ತ ತಿರುಗಿದ. ಆಚೆ ಹುಲ್ಲು ಒಂದು ತೂತೂ ಇಲ್ಲದೆ ಹಸಿರಾಗಿತ್ತು.